ನಾನು ಕಟ್ಟಿದ ಡಿಡ್ಸ್‌ಬರಿಯ ಡಾಕ್ಟರಮ್ಮ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಬರ್ಮಿಂಗ್‌ಹ್ಯಾಮಿನ ಸಣ್ಣ ಫರ್ಮೊಂದರಲ್ಲಿ ನಾನು ಫ್ಯಾಮಿಲಿ ಸಾಲಿಸಿಟರ್ ಆಗಿದ್ದೆ. ವಿಚ್ಛೇದನ, ಮಕ್ಕಳ ಪಾಲನೆ, ಮನೆಯ ಹಂಚಿಕೆ, ಇವೇ ನನ್ನ ದಿನಗೆಲಸ. ಹೊಸ ಕಕ್ಷಿದಾರರು ಬರುತ್ತಿಲ್ಲವೆಂದು ಸೀನಿಯರ್ ಪಾರ್ಟ್‌ನರ್ ನಮಗೆಲ್ಲ ಬ್ಲಾಗ್ ಬರೆಯಲು ಹೇಳಿದರು. ವಕೀಲರೂ ಸಂತೆಯಲ್ಲಿ ಕೂಗಿ ಕರೆಯಬೇಕೇ ಎಂದು ನಾನು ಮೂಗು ಮುರಿದೆ. ಆದರೂ ಕನ್ನಡದಲ್ಲಿ ಬರೆದರೆ ಇಲ್ಲಿ ಯಾರು ಓದಿಯಾರು ಎಂಬ ಕುತೂಹಲ ಬಿಡಲಿಲ್ಲ.

ಮೊದಲ ಮೂರು ಲೇಖನ ಬರೀ ಕಾನೂನು. ಓದಿದವರು ನನ್ನ ತಮ್ಮ ಮತ್ತು ಅವನ ಹೆಂಡತಿ, ಅದೂ ದಾಕ್ಷಿಣ್ಯಕ್ಕೆ. ನಾಲ್ಕನೆಯದಕ್ಕೆ ನನ್ನ ಕೈಯಲ್ಲಿದ್ದ ನಿಜವಾದ ಕೇಸೊಂದನ್ನು ಎತ್ತಿಕೊಂಡೆ. ನಾಟಿಂಗ್‌ಹ್ಯಾಮಿನ ಬೀಸ್ಟನ್‌ನಲ್ಲಿದ್ದ ರೂಪಾ, ದಾವಣಗೆರೆಯವಳು, ಫಾರ್ಮಸಿಸ್ಟ್, ಒಬ್ಬಳು ಮಗಳ ತಾಯಿ. ಹನ್ನೊಂದು ವರ್ಷದ ಮದುವೆಯಿಂದ ಹೊರಬರಲು ಸದ್ದಿಲ್ಲದೆ ತಯಾರಾಗುತ್ತಿದ್ದಳು. ತವರಿಗೆ ಇನ್ನೂ ಹೇಳಿರಲಿಲ್ಲ.

ಕಕ್ಷಿದಾರರ ಗುಟ್ಟು ಕಾಯುವುದು ನಮ್ಮ ವೃತ್ತಿಯ ಮೊದಲ ನಿಯಮ. ಹೆಸರು ತೆಗೆದರೆ ಸಾಲದು ಎಂದೂ ಗೊತ್ತಿತ್ತು. ನಮ್ಮವರು ಹೆಸರನ್ನು ಎಲ್ಲಿ ಕೇಳುತ್ತಾರೆ? ಯಾವ ಊರು, ಏನು ಕೆಲಸ, ಎಷ್ಟು ಮಕ್ಕಳು ಎಂದೇ ಶುರು. ಅದಕ್ಕೇ ಎಲ್ಲ ಬದಲಿಸಿದೆ. ದಾವಣಗೆರೆ ಹಾಸನವಾಯಿತು, ಬೀಸ್ಟನ್ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಾಯಿತು, ಫಾರ್ಮಸಿಸ್ಟ್ ಅರಿವಳಿಕೆ ಕೊಡುವ ಡಾಕ್ಟರ್ ಆದಳು, ಮಗಳ ಬದಲು ಇಬ್ಬರು ಗಂಡುಮಕ್ಕಳು. ಎಷ್ಟು ಜಾಣೆ ನಾನು ಎಂದು ಬೀಗಿದೆ. ಲೇಖನ ಒಂದೇ ವಾರದಲ್ಲಿ ಕನ್ನಡದವರ ವಾಟ್ಸಾಪ್ ಗುಂಪುಗಳನ್ನೆಲ್ಲ ಸುತ್ತಿತು.

ಎಂಟನೇ ದಿನ ಆಫೀಸಿಗೆ ಒಬ್ಬರು ಬಂದರು. ಹೆಸರು ವೀಣಾ. ಅರಿವಳಿಕೆ ಡಾಕ್ಟರ್, ಹಾಸನದವರು, ಇಬ್ಬರು ಗಂಡುಮಕ್ಕಳು, ಮನೆ ಡಿಡ್ಸ್‌ಬರಿ. ನಾನು ಕೂತು ಕಟ್ಟಿದವಳು ಜೀವಂತ ಎದುರಿಗೆ ಕೂತಿದ್ದಳು!

"ಮೇಡಂ, ನಮ್ಮತ್ತೆ ಹಾಸನದಿಂದ ಫೋನ್ ಮಾಡಿ ಅಳ್ತಿದಾರೆ. ನಮ್ಮನೆಯವರು ಎರಡು ದಿನದಿಂದ ಮಾತೇ ಆಡ್ತಿಲ್ಲ. ನಾನು ನಿಮ್ಮನ್ನ ನೋಡ್ತಿರೋದೇ ಇವತ್ತು. ನಿಮ್ಮ ಲೇಖನದಲ್ಲಿರೋದು ನಾನಲ್ಲ ಅಂತ ಬರೆದುಬಿಡಿ."

ನಿಮ್ಮ ಯಜಮಾನರಿಗೆ ನಾನೇ ಹೇಳುತ್ತೇನೆ ಎಂದೆ. ಅಲ್ಲೇ ಫೋನ್ ಮಾಡಿಕೊಟ್ಟರು. ಆತ ಬಹಳ ಮರ್ಯಾದೆಯಿಂದಲೇ, "ನೀವು ಲಾಯರು ಮೇಡಂ, ಹಾಗೇ ಹೇಳ್ಬೇಕಲ್ವಾ," ಎಂದ. ಗುಟ್ಟು ಕಾಯುವವಳ ನಿರಾಕರಣೆಗೆ ಕವಡೆ ಕಿಮ್ಮತ್ತಿಲ್ಲ ಎಂದು ಮೂವತ್ತು ವರ್ಷದ ವೃತ್ತಿಯಲ್ಲಿ ಅವತ್ತೇ ತಿಳಿದದ್ದು.

ಬ್ಲಾಗನ್ನು ಆಗಲೇ ತೆಗೆಸಿದೆ. ಆದರೆ ಅದು ನೂರಾರು ಫೋನುಗಳಲ್ಲಿತ್ತು. ವೀಣಾ ಅಲ್ಲ ಎಂದು ಬಹಿರಂಗವಾಗಿ ಬರೆದರೆ, ಹಾಗಾದರೆ ಯಾರು ಎಂದು ಹುಡುಕಾಟ ಶುರುವಾಗುತ್ತಿತ್ತು. ಸುಮ್ಮನಿದ್ದರೆ ತಪ್ಪಿಲ್ಲದ ಹೆಂಗಸಿನ ಸಂಸಾರ ಒಡೆಯುತ್ತಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಸೀನಿಯರ್ ಪಾರ್ಟ್‌ನರ್‌ಗೆ ನಡೆದದ್ದೆಲ್ಲ ಹೇಳಿ, ರೂಪಾಗೆ ಫೋನ್ ಮಾಡಿದೆ. ನಿನ್ನ ಕೇಸನ್ನು ಬರೆದವಳು ನಾನು, ತಪ್ಪು ನನ್ನದು, ಬೇಕಾದರೆ ದೂರು ಕೊಡು ಎಂದೆ. ವೀಣಾರ ವಿಷಯ ನಾನು ಎತ್ತಲಿಲ್ಲ. ರೂಪಾಗೆ ಅದು ಆಗಲೇ ಗೊತ್ತಿತ್ತು.

"ಓದಿದ ಕೂಡ್ಲೇ ನಂದೇ ಅಂತ ಗೊತ್ತಾತ್ರಿ. ಪಾಪ, ಆ ಡಾಕ್ಟ್ರಮ್ಮನ ಬಗ್ಗೆ ಗ್ರೂಪ್‌ನ್ಯಾಗೆ ಏನೇನೋ ಅಂತಿದಾರೆ. ಇವತ್ತೊಂದಿನ ಟೈಮ್ ಕೊಡ್ರಿ, ಅದು ನಂದು ಅಂತ ಗ್ರೂಪ್‌ನ್ಯಾಗೆ ನಾನೇ ಬರೀತೀನಿ," ಎಂದಳು.

ಬೇಡ, ಇನ್ನೊಮ್ಮೆ ಯೋಚಿಸು, ನಿನ್ನ ಗಂಡ ಏನು ಮಾಡಿಯಾನೋ ಎಂದು ವಕೀಲೆಯಾಗಿ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಅವಳು ಕೇಳಲಿಲ್ಲ. ಮಗಳನ್ನು ಕರೆದುಕೊಂಡು ಲೀಡ್ಸ್‌ನ ಗೆಳತಿಯ ಮನೆಗೆ ಹೋದಳು. ಅಲ್ಲಿಂದ ತಾಯಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಆಮೇಲೆ ಗುಂಪಿನಲ್ಲಿ ತನ್ನ ಹೆಸರು ಹಾಕಿಯೇ ಬರೆದಳು: ಆ ಕಥೆ ನನ್ನದು, ಡಾಕ್ಟರ್ ವೀಣಾ ಅವರದಲ್ಲ.

ವೀಣಾರ ಮನೆ ಉಳಿಯಿತು. ರೂಪಾಳ ತಂದೆ ಒಂದು ವರ್ಷ ಅವಳೊಡನೆ ಮಾತಾಡಲಿಲ್ಲ.

ವಕೀಲರು ಬ್ಲಾಗ್ ಬರೆಯಬೇಕೇ ಎಂದು ಕಿರಿಯರು ಈಗಲೂ ಕೇಳುತ್ತಾರೆ. ಧಾರಾಳವಾಗಿ ಬರೆಯಿರಿ, ಕಾನೂನು ತಿಳಿಯದೆ ಒದ್ದಾಡುವವರು ಬಹಳ ಜನ ಇದ್ದಾರೆ ಎನ್ನುತ್ತೇನೆ. ಇನ್ನೊಬ್ಬರ ಬದುಕನ್ನು ಬರೆಯುವ ಮುಂಚೆ ಏನು ಮಾಡಬೇಕೆಂದು ಮಾತ್ರ ರೂಪಾಳಿಂದ ಕಲಿತೆ. ಕೇಸ್ ಮುಗಿದ ದಿನ ಕೋರ್ಟಿನ ಹೊರಗೆ ಅವಳು ನನ್ನ ಕೈ ಹಿಡಿದು ಹೇಳಿದ್ದಳು:

"ಬರೆಯೋಕೂ ಮುಂಚೆ ಒಂದ್ ಮಾತು ಕೇಳಿದ್ರೆ ನಾನು ಹೂಂ ಅಂತಿದ್ದೆ ಮೇಡಂ. ಊರು, ಕೆಲಸ, ಮಕ್ಕಳು, ಎಲ್ಲಾ ಬದಲಿಸಿದ್ರಿ. ನನ್ನ ಮಾತ್ರ ಕೇಳ್ಲಿಲ್ಲ."