ನಾನೇ ಸೇರಿಸಿದ ಸಾಲು

ಅಕ್ಕನ ಬಿಡುಗಡೆ ಪತ್ರವನ್ನು ಬರೆದವಳು ನಾನು. ಆಗ ನನಗೆ ಹತ್ತೊಂಬತ್ತು. ಗಾವಡಗೆರೆ ಹತ್ತಿರದ ನಮ್ಮೂರಿನಲ್ಲಿ ಹೊಗೆಸೊಪ್ಪು ಮುರಿಯುವ ಕಾಲ. ನ್ಯಾಯಕ್ಕೆಂದು ನಮ್ಮ ಜಗಲಿಯ ಮೇಲೆ ಕೂತ ಹಿರಿಯರೆಲ್ಲರ ಕೈಗಳೂ ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಛಾಪಾ ಕಾಗದ ಕೊಳೆಯಾಗುತ್ತದೆ ಎಂದು ಯಾರೂ ಮುಟ್ಟಲಿಲ್ಲ. ಊರ ಯಜಮಾನರು ಒಳಕ್ಕೆ ಇಣುಕಿ, “ಕಾಲೇಜು ಓದ್ತಾ ಅವಳಲ್ಲ, ಅವಳ ಕರೀರಿ. ದುಂಡಗೆ ಬರೀತಾಳೆ” ಎಂದರು.

ಗಂಡಸರ ನಡುವೆ ನಾನು ಹಾಗೆ ಕೂತದ್ದು ಅದೇ ಮೊದಲು. ಅಕ್ಕ ಬಾಗಿಲ ಹಿಂದೆ, ಎರಡು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಬಾವ ಜಗಲಿಯ ತುದಿಯಲ್ಲಿದ್ದರು.

ಬಾವ ಅಕ್ಕನ ಮೇಲೆ ಕೈ ಎತ್ತಿದವರಲ್ಲ. ಮಾತು ಬಿಡುತ್ತಿದ್ದರು. ಸಾರಿಗೆ ಉಪ್ಪು ಹೆಚ್ಚಾದರೆ ಹದಿನೈದು ದಿನ, ಹೇಳದೆ ತವರಿಗೆ ಬಂದರೆ ಎರಡು ತಿಂಗಳು. ಕಂಪಲಾಪುರದ ಕಡೆಯ ಆ ಮನೆಯಲ್ಲಿ ಅತ್ತೆಯೂ ಮಗನ ಮುಖ ನೋಡಿಕೊಂಡೇ ಬಾಯಿ ತೆರೆಯುತ್ತಿದ್ದರು. ನಾನು ಒಮ್ಮೆ ಅಲ್ಲಿ ಮೂರು ದಿನ ಇದ್ದೆ. ತಟ್ಟೆ ಇಡುವ ಸದ್ದಿಗೂ ಬೆಚ್ಚುವಂತಾಗಿತ್ತು. ಮಾತು ಕಲಿಯುವ ವಯಸ್ಸು ಬಂದರೂ ಮಗು ಕಲಿಯಲಿಲ್ಲ. ಅಮ್ಮ ಎಂದೂ ಅನ್ನಲಿಲ್ಲ. ಅದನ್ನು ಕಂಡು ಅಕ್ಕ ಎದ್ದು ಬಂದಳು.

ಯಜಮಾನರು ಹೇಳುತ್ತ ಹೋದರು, ನಾನು ಬರೆದೆ. “ಇವತ್ತಿಂದ ಇಬ್ರಿಗೂ ಒಬ್ರ ಮ್ಯಾಲೊಬ್ರಿಗೆ ಹಕ್ಕಿಲ್ಲ. ಕೂಸು ತಾಯಿ ತಾವೇ ಇರಬೇಕು. ಇಬ್ರೂ ಬ್ಯಾರೆ ಮದ್ವೆ ಆಗಬೋದು. ಅಷ್ಟೇ ಕಣವ್ವ.”

ಮೂರೇ ಮಾತು. ಅಷ್ಟು ದೊಡ್ಡ ಕಾಗದದಲ್ಲಿ ಅದು ಬೋಳುಬೋಳಾಗಿ ಕಂಡಿತು. ಮೇಲೆ ಸ್ವಲ್ಪ ಜಾಗವಿತ್ತು. ‘ನಮ್ಮ ಕುಲಾಚಾರದಂತೆ, ಹಿಂದಿನಿಂದ ನಡೆದುಬಂದ ಪದ್ಧತಿಯಂತೆ’ ಎಂದು ಅಲ್ಲಿ ನಾನೇ ಸೇರಿಸಿದೆ. ಎಲ್ಲಿ ಓದಿದ್ದೆನೋ, ಬರೆಯುವಾಗ ಘನವಾಗಿ ತೋರಿತು. ಗಟ್ಟಿಯಾಗಿ ಓದಿ ಹೇಳಿದಾಗ ಒಬ್ಬ ಮುದುಕರು, “ಎಂಗ್ ಬರ್ದವಳೆ ನೋಡ್ಲಾ! ಲಾಯರಮ್ಮ ಕಣ್ಲಾ ಇವ್ಳು” ಎಂದರು. ಎಲ್ಲರೂ ನಕ್ಕರು. ಬಾವ ನಗಲಿಲ್ಲ. ಅಕ್ಕ ತಾಳಿ ಬಿಚ್ಚಿ ಎಲೆ ಅಡಿಕೆಯ ತಟ್ಟೆಯಲ್ಲಿಟ್ಟಳು. ಹಿರಿಯರು ಹೆಬ್ಬೆಟ್ಟು ಒತ್ತಿದರು. ಪತ್ರ ಬರೆದವರು ರುಜು ಹಾಕುವ ಜಾಗದಲ್ಲಿ ನಾನು ನನ್ನ ಹೆಸರು ಬರೆದೆ.

ಮೂರು ತಿಂಗಳಲ್ಲಿ ಮಗುವಿಗೆ ಮಾತು ಬಂತು. ಮರುವರ್ಷ ಕೆ.ಆರ್. ನಗರದ ಕಡೆಯ ಒಬ್ಬರೊಂದಿಗೆ ಅಕ್ಕನಿಗೆ ಕೂಡಿಕೆ ಮದುವೆಯಾಯಿತು. ಅವರ ಮೊದಲ ಹೆಂಡತಿ ತೀರಿಕೊಂಡಿದ್ದಳು. ಹುಡುಗಿ ಅವರನ್ನು ಅಪ್ಪ ಎಂದೇ ಕರೆದು ಬೆಳೆದಳು. ಅವರ ಹೆಗಲೇರಿ ಕೂತು ಎಷ್ಟು ಮಾತಾಡುತ್ತಿದ್ದಳೆಂದರೆ, ಅವರ ತಾಯಿ, “ವಸಿ ಬಾಯಿಗೆ ಬೀಗ ಹಾಕ್ಕೊಳ್ಳವ್ವ ತಾಯಿ” ಎಂದು ಕೈ ಮುಗಿಯುತ್ತಿದ್ದರು. ಒಬ್ಬ ತಮ್ಮನೂ ಹುಟ್ಟಿದ. ನಾನು ಹುಣಸೂರಿನಲ್ಲಿ ಟೀಚರಾದೆ. ಆ ಕಾಗದ ನಮ್ಮ ಮನೆಯ ಟ್ರಂಕಿನಲ್ಲಿತ್ತು.

ಹೋದ ವರ್ಷ ಅಕ್ಕನಿಗೆ ಕೋರ್ಟಿನ ನೋಟಿಸು ಬಂತು. ಬಾವ ಮತ್ತೆ ಮದುವೆಯಾಗಲು ಹೊರಟಿದ್ದರು. ಹೆಣ್ಣಿನ ಕಡೆಯವರು ಕೋರ್ಟಿನ ಆದೇಶ ತೋರಿಸಿ ಎಂದಿದ್ದರು. ಈಗ ಎಲ್ಲರೂ ಹಾಗೇ ಕೇಳುತ್ತಾರೆ. ಜಗಲಿಯ ಮೇಲೆ ಬರೆದ ಕಾಗದಕ್ಕೆ ಬೆಲೆಯಿಲ್ಲ ಎಂದು ಬಾವನ ವಕೀಲರು ತಿಳಿಸಿದ ಮೇಲೆ ಅರ್ಜಿ ಸಿದ್ಧವಾಗಿತ್ತು. ಅದರಲ್ಲಿದ್ದದ್ದು ಇಷ್ಟು: ನನ್ನ ಹೆಂಡತಿ ಬೇರೊಬ್ಬನೊಂದಿಗೆ ಇದ್ದಾಳೆ, ವಿಚ್ಛೇದನ ಕೊಡಿಸಿ, ಮಗಳನ್ನು ನನ್ನ ವಶಕ್ಕೆ ಕೊಡಿಸಿ.

ಅಕ್ಕ ‘ನನ್ನ ಹೆಂಡತಿ’ ಎಂಬುದರ ಮೇಲೆ ಬೆರಳಿಟ್ಟಳು. “ಏಳು ವರ್ಸದಿಂದ ನಾನು ಅಲ್ಲೇ ಇದ್ನಂತೆ ನೋಡು” ಎಂದಳು.

ನಮ್ಮ ವಕೀಲರು ಪತ್ರವನ್ನು ಎರಡು ಸಲ ಓದಿ ಮೇಲಿನ ಸಾಲಿನ ಮೇಲೆ ಪೆನ್ನು ಇಟ್ಟರು. “ಇದೊಂದೇ ನಮಗಿರೋದು ಮೇಡಂ. ಕುಲದಲ್ಲಿ ಇಂಥ ಪದ್ಧತಿ ಹಿಂದಿನಿಂದ ಇತ್ತು ಅಂತ ಸಾಬೀತಾದ್ರೆ ಕಾನೂನು ಒಪ್ಪುತ್ತೆ. ಇಲ್ಲಾಂದ್ರೆ ಎರಡನೇ ಮದುವೆ ಮದುವೆಯೇ ಅಲ್ಲ. ಮಗು ಯಾರಿಗೆ ಅನ್ನೋದನ್ನ ಕೋರ್ಟು ಬೇರೆಯಾಗಿ ನೋಡುತ್ತೆ, ಆದ್ರೆ ನಿಮ್ಮ ಬಾವನ ಕಡೆಯವರು ಇದನ್ನೇ ಹಿಡ್ಕೊಂಡು ಮಗು ಕೇಳ್ತಾರೆ.” ಆ ಸಾಲು ನನ್ನದೆಂದು ನಾನು ಅವರಿಗೆ ಹೇಳಲಿಲ್ಲ.

ಊರ ಯಜಮಾನರು ತೀರಿಕೊಂಡಿದ್ದರು. ನನ್ನನ್ನು ಲಾಯರಮ್ಮ ಎಂದಿದ್ದ ಮುದುಕರ ಬಳಿ ಹೋದೆ. “ಗ್ಯಾಪಕ ಇಲ್ಲ ಕಣವ್ವ. ಕೋರ್ಟು ಅಂದ್ರೆ ಕಾಲು ನಡುಗ್ತದೆ. ಬುಟ್ಬುಡು ನನ್ನ” ಎಂದು ಮುಖ ತಿರುಗಿಸಿದರು. ಹೆಬ್ಬೆಟ್ಟು ಒತ್ತಿದ್ದ ಬೇರೆಯವರೂ ಕೋರ್ಟಿಗೆ ಬರಲು ಒಪ್ಪಲಿಲ್ಲ. ಉಳಿದವಳು ನಾನೊಬ್ಬಳೇ. “ಹಿರಿಯರು ಹೇಳಿದ್ರು, ಬರ್ದೆ ಅಂತ ಅನ್ನಿ, ಸಾಕು” ಎಂದರು ವಕೀಲರು.

ಹಾಗೆ ಅನ್ನಲು ತಯಾರಾಗಿಯೇ ನಾನು ಕೋರ್ಟಿಗೆ ಹೋಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಪ್ರಮಾಣ ಮಾಡಿದ ಮೇಲೆ ಬಾವನ ವಕೀಲರು ಮೆತ್ತಗೆ, ಮನೆಯವರು ಕೇಳುವ ಹಾಗೆ ಕೇಳಿದರು.

“ಈ ಪದ್ಧತಿ ಪ್ರಕಾರ ಬಿಡುಗಡೆ ಆದ ಇನ್ನೊಬ್ಬ ಹೆಣ್ಣುಮಗಳನ್ನ ನೋಡಿದ್ದೀರಾ?”

“ಇಲ್ಲ.”

“ಕೇಳಿದ್ದೀರಾ?”

“ಇಲ್ಲ.”

“ಹಾಗಿದ್ರೆ ಈ ಸಾಲನ್ನ ಯಾರು ಹೇಳಿ ಬರೆಸಿದ್ರು?”

ಅಕ್ಕ ಗೋಡೆಯ ಪಕ್ಕದ ಬೆಂಚಿನಲ್ಲಿದ್ದಳು. ನಾನು ಅವಳ ಕಡೆ ನೋಡಬಾರದಿತ್ತು, ನೋಡಿದೆ. ಸತ್ತವರ ಬಾಯಿಗೆ ಮಾತು ಹಾಕಲು ನನಗೆ ನಾಲಿಗೆ ಏಳಲಿಲ್ಲ. ಅದು ಧೈರ್ಯವಲ್ಲ, ಹೆದರಿಕೆ.

“ಯಾರೂ ಹೇಳಲಿಲ್ಲ. ನಾನೇ ಸೇರಿಸಿದೆ.”

ನ್ಯಾಯಾಧೀಶರು ತಲೆಯೆತ್ತಿ ಇನ್ನೊಮ್ಮೆ ಹೇಳಿಸಿದರು. ಟೈಪು ಮಾಡುವವರಿಗೆ ಸರಿಯಾಗಿ ಕೇಳಿಸಿರಲಿಲ್ಲ. ನಾನು ಇನ್ನೊಮ್ಮೆ ಹೇಳಿದೆ.

ಆಮೇಲಿನದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಇಬ್ಬರನ್ನೂ ರಾಜಿಗೆ ಕೂರಿಸಿದರು. ಬಾವನ ಕಡೆಯಿಂದ ಒಂದೇ ಮಾತು. ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಸಹಿ ಹಾಕೋಣ, ಅಕ್ಕನ ಮೇಲೆ ಬರೆದದ್ದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ, ಹುಡುಗಿ ಈ ಜೂನ್‌ನಿಂದ ನಮ್ಮಲ್ಲಿ ಓದಬೇಕು, ರಜೆಗೆ ತಾಯಿಯ ಮನೆ. ಅಕ್ಕನ ಈಗಿನ ಗಂಡ, “ನನ್ನ ಏನಾರ ಅನ್ಕೊಳ್ಲಿ, ಕೂಸ ಮಾತ್ರ ಕೊಡಬ್ಯಾಡ” ಎಂದರು. ಅವರ ತಾಯಿ ಅಡುಗೆಮನೆಯಿಂದಲೇ, “ಕೋರ್ಟಲ್ಲಿ ಸೋತು ಬಂದ್ರೆ ನಾಳೆ ನಿನ್ನ ಈ ಮನೇಲಿ ಏನಂತ ಕರೀಲವ್ವ ನಾನು? ಆ ಮಗೀನ ಜನ ಏನಂದಾರು?” ಎಂದರು. ಅವರು ಹೇಳಿದ್ದು ಚಿಕ್ಕ ಮೊಮ್ಮಗನ ಬಗ್ಗೆ. ಮಗನಿಗೆ ಅಂಥ ತೊಂದರೆಯಿಲ್ಲ, ಕಾನೂನು ಅವನನ್ನು ಕಾಯುತ್ತದೆ ಎಂದು ವಕೀಲರು ಎಷ್ಟು ಸಲ ಹೇಳಿದರೂ ಅಕ್ಕನ ಕಿವಿಗೆ ಇಳಿದದ್ದು ಅತ್ತೆಯ ಮಾತು.

ಹುಡುಗಿಯನ್ನೂ ಕೇಳಿದರು. ಒಂಬತ್ತು ವರ್ಷದ ಆ ಮಾತಿನಮಲ್ಲಿ ಅಮ್ಮನ ಮುಖ ನೋಡಿ, “ಅಮ್ಮ ಎಲ್ಲಿ ಅಂತಾಳೋ ಅಲ್ಲಿ” ಎಂದಳು. ಅಕ್ಕ ಸಹಿ ಹಾಕಿದಳು. ಆದೇಶ ಕೈಗೆ ಬಂದ ಮೇಲೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವಳ ಮದುವೆ ಇನ್ನೊಮ್ಮೆ ನಡೆಯಿತು. ಈಗ ಎಲ್ಲರ ಬಳಿಯೂ ಕಾನೂನು ಒಪ್ಪುವ ಕಾಗದವಿದೆ.

ಕಂಪಲಾಪುರಕ್ಕೆ ಹುಡುಗಿಯನ್ನು ಬಿಟ್ಟು ಬರಲು ಅಕ್ಕನಿಗಾಗಲಿಲ್ಲ, ನಾನು ಹೋದೆ. ಬಸ್ಸಿನಲ್ಲಿ ಹುಣಸೂರು ದಾಟುವವರೆಗೂ ಅವಳು ತಮ್ಮನ ಹಲ್ಲು ಬಿದ್ದ ಕತೆ ಹೇಳುತ್ತಲೇ ಇದ್ದಳು. ಬಾವ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹೊಸ ಫ್ರಾಕು, ಆರು ವರ್ಷದವರ ಅಳತೆಯದು. ಅದರ ಮಡಿಕೆಯನ್ನು ಅಂಗೈಯಲ್ಲಿ ಮತ್ತೆ ಮತ್ತೆ ನೀವುತ್ತಿದ್ದರು. ಇದನ್ನೂ ಹೇಳಬೇಕು. ಅದನ್ನು ಹುಡುಗಿಯ ಕಡೆ ಚಾಚಿದರು. ಹುಡುಗಿ ಫ್ರಾಕನ್ನು ಎದೆಗೆ ಹಿಡಿದು ನೋಡಿ, “ಚಿಕ್ಕಮ್ಮ, ಇದು ಚಿಕ್ಕದಾಯ್ತು” ಎಂದಳು. ಅವಳು ಅಜ್ಜಿಯ ಮುಖ ನೋಡಿದಳು, ಅಜ್ಜಿ ಮಗನ ಮುಖ ನೋಡುತ್ತಿದ್ದರು. ಮತ್ತೆ ನನ್ನನ್ನು ನೋಡಿದಳು. ಆಮೇಲೆ ಫ್ರಾಕನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಸದ್ದಾಗದ ಹಾಗೆ ಚಪ್ಪಲಿ ಬಿಟ್ಟು, ಒಳಗೆ ಹೋದಳು. ನಾನು ಇನ್ನೂ ಅರ್ಧ ಗಂಟೆ ಜಗಲಿಯ ಮೇಲೆ ಕೂತಿದ್ದೆ. ಒಳಗಿನಿಂದ ಒಂದು ಮಾತೂ ಕೇಳಿಸಲಿಲ್ಲ.

ಸಂಜೆ ಅಕ್ಕ ನನ್ನನ್ನು ಕೇಳಿದ್ದು ಒಂದೇ. “ಅತ್ತಳಾ?”

“ಇಲ್ಲ” ಎಂದೆ. ನಾನು ಕಂಡದ್ದು ಅಷ್ಟೇ.

“ಒಳಕ್ಕೆ ಹೋದ್ಮೇಲೆ ಏನಾರ ಅಂದಳಾ?”

“ಇಲ್ಲ.”

ಅಕ್ಕ ಗೋಡೆ ಹಿಡಿದು ಕೆಳಗೆ ಕೂತಳು. ಅತ್ತಳು ಎಂದು ಹೇಳಿದ್ದರೆ, ಬಾಯಾದರೂ ಬಿಟ್ಟಳಲ್ಲ ಎಂದು ನಿಂತೇ ಇರುತ್ತಿದ್ದಳೇನೋ.