ಉಪ್ಪುನೀರಿನ ಗದ್ದೆಯ ಟೀಚರ್

ನಮ್ಮ ಟೀಚರ ಸೀರೆಯ ಕೆಳಗಿನ ಅಂಚು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬೆಳಿಗ್ಗೆ ಕಾಲೇಜಿಗೆ ಬರುವ ಮೊದಲು ಯಾವುದಾದರೂ ಕೆರೆಗೋ ಕಾಲುವೆಗೋ ಇಳಿದು ಒಂದಿಷ್ಟು ಪಾಚಿ, ಬೇರು ತರದಿದ್ದರೆ ಅವರಿಗೆ ಸಮಾಧಾನವಿರಲಿಲ್ಲ. ತಿರುವನಂತಪುರದ ಆ ಕಾಲೇಜಿನ ಕೆಂಪು ನೆಲವನ್ನು ದಿನಾ ಉಜ್ಜಿ ಹೊಳೆಸುತ್ತಿದ್ದರು. ಅದರ ಮೇಲೆ ಟೀಚರ್ ನಡೆದು ಬಂದ ದಾರಿಯುದ್ದಕ್ಕೂ ನೀರು ತೊಟ್ಟಿಕ್ಕಿರುತ್ತಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪು ಕೆಸರು ಕೂತಿರುತ್ತಿತ್ತು. ವಿಭಾಗದ ಮುಖ್ಯಸ್ಥರಿಗೆ ಇದನ್ನು ಕಂಡರಾಗದು. ನನಗೂ ಮೊದಮೊದಲು ಆಗುತ್ತಿರಲಿಲ್ಲ.

ನಾನಾಗ ಎಂ.ಎಸ್‌ಸಿ. ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಅಪ್ಪ ರಾಕೆಟ್ ಕೇಂದ್ರದಲ್ಲಿ ಉಪಕರಣಗಳ ವಿಭಾಗದ ಎಂಜಿನಿಯರ್. ಅರವತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಿಂದ ವರ್ಗವಾಗಿ ಬಂದ ಮೇಲೆ ನಮ್ಮ ಕನ್ನಡ ಮನೆಯ ನಾಲ್ಕು ಗೋಡೆಗಳೊಳಗೆ ಉಳಿದಿತ್ತು. ತಮ್ಮನಂತೂ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುತ್ತಿದ್ದ. ಮನೆಯ ಹೊರಗೆ ನನ್ನೊಡನೆ ಕನ್ನಡ ಮಾತಾಡುತ್ತಿದ್ದವರು ಟೀಚರ್ ಒಬ್ಬರೇ. ಅವರದು ಕಾಸರಗೋಡಿನ ಕಡೆಯ ಕನ್ನಡ. ಮದುವೆಯಾಗಿರಲಿಲ್ಲ. ವಯಸ್ಸು ನಲವತ್ತರ ಮೇಲಿದ್ದಿರಬೇಕು.

ಅವರಿಗೆ ಪ್ರಶ್ನೆ ಕೇಳುವುದೆಂದರೆ ಗೋಡೆಗೆ ಚೆಂಡು ಎಸೆದಂತೆ. ನನ್ನ ಪ್ರಶ್ನೆ ನನ್ನ ಕೈಗೇ ವಾಪಸು ಬರುತ್ತಿತ್ತು. “ನೀನು ಎಂತ ನೋಡಿದ್ದು, ಅದನ್ನು ಹೇಳು” ಎನ್ನುತ್ತಿದ್ದರು. ಓದಿಕೊಂಡು ಬಂದದ್ದನ್ನು ಒಪ್ಪಿಸಿದರೆ, “ಅದು ಪುಸ್ತಕ ಬರೆದವ ನೋಡಿದ್ದು” ಎಂದು ಮುಂದಿನ ಬೆಂಚಿನ ಕಡೆ ತಿರುಗುತ್ತಿದ್ದರು. ಚೆನ್ನಾಗಿ ಓದುವವಳೆಂದು ಹೆಸರು ಪಡೆದಿದ್ದ ನನಗೆ ಇದರಷ್ಟು ರೇಗಿಸುವ ಮಾತು ಬೇರೆ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಅವರು ತಮ್ಮ ಯೋಜನೆಯನ್ನು ಮುಂದಿಟ್ಟರು. ಐದು ಹುಡುಗಿಯರು ಅರ್ಧ ವರ್ಷ ತರಗತಿ ಬಿಟ್ಟು ಅವರೊಡನೆ ಕೊಚ್ಚಿಯ ಹಿನ್ನೀರಿನ ಒಂದು ದ್ವೀಪದಲ್ಲಿ ಒಟ್ಟಿಗೆ ಇರುವುದು. ಅಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಪೊಕ್ಕಾಳಿ ಭತ್ತದ ಗದ್ದೆಯೊಂದನ್ನು ಗೇಣಿಗೆ ಹಿಡಿದು, ಮಳೆಗಾಲದ ಆರಂಭದಿಂದ ಕೊಯ್ಲಿನವರೆಗೆ ನಾವೇ ಬೇಸಾಯ ಮಾಡುವುದು. ಅಡುಗೆ, ನೀರು, ಕೆಸರು ಎಲ್ಲದರಲ್ಲೂ ಎಲ್ಲರಿಗೂ ಸಮಪಾಲು. ಅದನ್ನು ಹಾಜರಿಗೆ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಾಗ ಪ್ರಿನ್ಸಿಪಾಲರು “ನೋಡೋಣ” ಎಂದಿದ್ದರಂತೆ. ಟೀಚರ್ ಅದನ್ನೇ ಒಪ್ಪಿಗೆ ಎಂದುಕೊಂಡರು. ನಮ್ಮ ಮನೆಯಲ್ಲಿ ಅಪ್ಪ ಒಪ್ಪಿದ್ದು ಟೀಚರ್ ಕನ್ನಡದವರೆಂಬ ಒಂದೇ ಭರವಸೆಯ ಮೇಲೆ.

ಎರ್ನಾಕುಲಂ ಜೆಟ್ಟಿಯಿಂದ ದೋಣಿಯಲ್ಲಿ ಹೋಗಿ ಇಳಿದ ಮೊದಲ ದಿನವೇ ನನಗೆ ವಾಪಸು ಹೋಗಬೇಕೆನಿಸಿತು. ನಮ್ಮ ಮನೆಯೆಂದರೆ ತೆಂಗಿನ ನಾರು ತುಂಬಿಡುತ್ತಿದ್ದ ಹಳೆಯ ಗೋದಾಮು. ಸುತ್ತ ನೀರೋ ನೀರು, ಕುಡಿಯಲು ಮಾತ್ರ ಒಂದು ಹನಿ ಇಲ್ಲ. ಸಿಹಿನೀರು ಆಚೆ ದಡದಿಂದ ದೋಣಿಯಲ್ಲಿ ಬರಬೇಕು. ಅದು ಬರುವ ದಿನ ಬಿಂದಿಗೆ ಹಿಡಿದು ಕಾಯಬೇಕು. ಪಕ್ಕದ ಮನೆಗಳಲ್ಲಿ ಒಣಸೀಗಡಿ ಹುರಿಯುವ ವಾಸನೆಗೆ ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ನನ್ನ ಸರದಿಯ ದಿನ ಸಾರು ಮಾಡಿದರೆ ಉಳಿದವರು ಅದನ್ನು ನೀರೆಂದು ನಗುತ್ತಿದ್ದರು. ಪಾತ್ರೆ ಯಾರು ತೊಳೆಯಬೇಕೆಂಬ ಜಗಳಕ್ಕೆ ಎಂ.ಎಸ್‌ಸಿ. ಓದುವ ನಾವು ಎರಡು ದಿನ ಒಬ್ಬರೊಡನೊಬ್ಬರು ಮಾತು ಬಿಟ್ಟದ್ದೂ ಉಂಟು. ಟೀಚರ್ ಒಂದು ಜಗಳವನ್ನೂ ಬಿಡಿಸಲಿಲ್ಲ. ತಮ್ಮ ತಟ್ಟೆ ತಾವು ತೊಳೆದುಕೊಂಡು ಗದ್ದೆಗೆ ಹೋಗುತ್ತಿದ್ದರು.

ನನಗೆ ಒಪ್ಪಿಸಿದ ಕೆಲಸ ನೀರಿನ ರುಚಿ ನೋಡುವುದು. ಮಳೆ ಹಿಡಿದು ಕಾಲುವೆಯ ಉಪ್ಪು ತೊಳೆದುಹೋದ ಮೇಲೆಯೇ ಬೀಜ ಹಾಕಬೇಕು. ಅಳೆಯಲು ಉಪಕರಣ ಬೇಕೆಂದೆ. ನಾಲಿಗೆ ಇದೆಯಲ್ಲ ಎಂದರು. ದಿನಾ ಬೆಳಿಗ್ಗೆ ಬೊಗಸೆಯಲ್ಲಿ ನೀರೆತ್ತಿ, ಚಪ್ಪರಿಸಿ, ಉಗುಳುವುದು. ಇದಕ್ಕಾಗಿ ನಾನು ಬಿ.ಎಸ್‌ಸಿ.ಯಲ್ಲಿ ಮೊದಲನೆಯವಳಾಗಿ ಬಂದೆನೇ ಎಂದು ಅಳು ಬರುತ್ತಿತ್ತು. ಜೂನಿನ ಮಳೆ ಜೋರಾಗಿ ಸುರಿದ ಮೇಲೆ ಒಂದು ಬೆಳಿಗ್ಗೆ ನೀರು ಸಪ್ಪೆಯಾಗಿದೆ ಎಂದು ಹೇಳಿದೆ. ಟೀಚರೂ ಬಗ್ಗಿ ರುಚಿ ನೋಡಿ ಹೌದೆಂದರು. ಮೊಳಕೆ ಕಟ್ಟಿದ ಬೀಜವನ್ನು ಕೆಸರಿನ ದಿಬ್ಬಗಳ ಮೇಲೆ ಹಾಕಿದೆವು.

ಆಮೇಲೆ ಮಳೆ ನಿಂತಿತು. ಬಿಸಿಲು ಬಿತ್ತು. ಮಣ್ಣಿನೊಳಗಿದ್ದ ಉಪ್ಪು ಮೇಲೆದ್ದು ಬಂತು. ಬೆರಳುದ್ದ ಎದ್ದಿದ್ದ ಸಸಿಗಳ ತುದಿ ಮೊದಲು ಹಳದಿಯಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿ, ಒಂದೇ ವಾರದಲ್ಲಿ ಎಲ್ಲವೂ ಸುಟ್ಟುಹೋದವು. ಕಾಲುವೆಯ ನೀರು ಸಪ್ಪೆಯಾದರೆ ಸಾಲದು, ದಿಬ್ಬದ ಮಣ್ಣನ್ನೂ ನೋಡಬೇಕಿತ್ತೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಸಾಯುತ್ತಿದ್ದ ಸಸಿಗಳ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾನು ಟೀಚರ ಮೇಲೆ ಹರಿಹಾಯ್ದೆ. ನಿಮಗೆ ಮೊದಲೇ ಗೊತ್ತಿತ್ತು, ನಮಗೆ ಪಾಠ ಕಲಿಸಲೆಂದು ಬಾಯಿಬಿಡಲಿಲ್ಲ ಎಂದೆ. ಅವರು ಒಂದು ಸಸಿ ಕಿತ್ತು ಬೇರು ನೋಡುತ್ತಿದ್ದರು. ತಲೆಯೆತ್ತದೆ ಹೇಳಿದರು: “ಇಲ್ಲ ಮಾರಾಯ್ತಿ, ನನಗೂ ಗೊತ್ತಿರಲಿಲ್ಲ.”

ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. “ಗೊತ್ತಿಲ್ಲದ ಮೇಲೆ ನಮ್ಮನ್ನ ಯಾಕೆ ಕರ್ಕೊಂಡು ಬಂದ್ರಿ?”

“ಗೊತ್ತಿದ್ದಿದ್ರೆ ಕ್ಲಾಸಿನಲ್ಲೇ ಹೇಳ್ತಿದ್ದೆ. ಇಷ್ಟು ದೂರ ದೋಣಿಯಲ್ಲಿ ಯಾಕೆ ಬರುವುದು?”

ನಾನೂ ಒಂದು ಸಸಿ ಕಿತ್ತು ಬೇರು ನೋಡಿದೆ. ಆದರೆ ಅವರ ಉತ್ತರವನ್ನು ಮನಸ್ಸು ಒಪ್ಪಿತೆಂದು ಹೇಳಲಾರೆ. ಸೋತ ಗದ್ದೆಯ ಸುದ್ದಿ ಹೇಗೋ ಹರಡಿ, ನಮ್ಮಲ್ಲೊಬ್ಬಳ ಸೋದರಮಾವ ಎರ್ನಾಕುಲಂನ ಪಾಲಾರಿವಟ್ಟಂನಿಂದ ಬಂದು ಅವಳನ್ನು ಕರೆದುಕೊಂಡು ಹೋದರು. ನಾಲ್ವರು ಉಳಿದೆವು. ಮಳೆ ಮತ್ತೆ ಹಿಡಿದಾಗ ಅಕ್ಕಪಕ್ಕದವರಿಂದ ಬೀಜ ಬೇಡಿ ತಂದು ಎರಡನೆಯ ಸಲ ಹಾಕಿದೆವು.

ಆಗಲೇ ಅಪ್ಪ ಬಂದದ್ದು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ದೋಣಿಯಿಂದಿಳಿದು, ಗದ್ದೆಯಂಚಿನ ತೆವರಿಯ ಮೇಲೆ ನಿಂತು, ಸೊಂಟಕ್ಕೆ ಸೀರೆ ಸಿಕ್ಕಿಸಿ ಕೆಸರೆತ್ತುತ್ತಿದ್ದ ಮಗಳನ್ನು ಅವರು ತುಂಬ ಹೊತ್ತು ನೋಡಿದರು. ಗೋದಾಮಿಗೆ ಬಂದ ಮೇಲೆ ಟೀಚರಿಗೆ, “ಮೇಡಂ, ಇದನ್ನ ಕಲಿಯೋಕೆ ಎಂ.ಎಸ್‌ಸಿ. ಯಾಕೆ ಬೇಕು?” ಎಂದು ಕೇಳಿದರು. ಟೀಚರ್ ಅವರ ಮುಂದೆ ಗಂಜಿಯ ಬಟ್ಟಲಿಟ್ಟರು. ಅಪ್ಪ ನನ್ನ ಪೆಟ್ಟಿಗೆ ಕಟ್ಟಲು ಹೇಳಿದರು. ನಾನು ದಿನವೂ ಬಯಸುತ್ತಿದ್ದದ್ದು ಅದನ್ನೇ. ಆದರೂ ಬಾಯಿಂದ ಬಂದದ್ದು ಬೇರೆ. ಬೀಜ ಈಗಷ್ಟೇ ಮೊಳೆತಿದೆ, ಈ ಸಲ ನಿಲ್ಲುತ್ತದೋ ಇಲ್ಲವೋ ನೋಡಿಕೊಂಡು ಬರುತ್ತೇನೆ ಎಂದೆ. ಅಪ್ಪ ಗಂಜಿಯನ್ನು ಪೂರ್ತಿ ಕುಡಿದು, ಒಬ್ಬರೇ ದೋಣಿ ಹತ್ತಿದರು.

ಈ ಸಲ ನಿಂತಿತು. ಆಗಸ್ಟಿನ ನೆರೆಯಲ್ಲಿ ಗದ್ದೆ ಮುಳುಗಿದಾಗ ಪೈರು ನೀರಿನ ಜೊತೆಗೇ ಮೇಲೇರಿ ನಮ್ಮ ಎದೆಯ ಮಟ್ಟಕ್ಕೆ ಬಂತು. ನವೆಂಬರಿನಲ್ಲಿ ನೀರಲ್ಲಿ ನಿಂತು ತೆನೆಯನ್ನಷ್ಟೇ ಕೊಯ್ದೆವು. ಬೆಳೆ ಹೆಚ್ಚೇನೂ ಬರಲಿಲ್ಲ. ಆ ಅಕ್ಕಿಯ ಗಂಜಿಯನ್ನು ನಾಲ್ವರೂ ಟೀಚರೊಡನೆ ನೆಲದ ಮೇಲೆ ಕೂತು ಉಂಡ ದಿನ ಪಾತ್ರೆ ಯಾರು ತೊಳೆಯಬೇಕೆಂಬ ಜಗಳವಾಗಲಿಲ್ಲ.

ತಿರುವನಂತಪುರಕ್ಕೆ ಮರಳಿದರೆ, ಪ್ರಿನ್ಸಿಪಾಲರ “ನೋಡೋಣ” ಎಂಬ ಮಾತು “ಆಗುವುದಿಲ್ಲ” ಎಂದಾಗಿತ್ತು. ನಮಗೆ ಹಾಜರಿ ಇಲ್ಲ, ಪರೀಕ್ಷೆಗೆ ಕೂರುವಂತಿಲ್ಲ. ನಮ್ಮಲ್ಲಿ ಒಬ್ಬಳ ವಿದ್ಯಾರ್ಥಿವೇತನ ನಿಲ್ಲುವುದರಲ್ಲಿತ್ತು, ಇನ್ನೊಬ್ಬಳನ್ನು ಒಂದು ವರ್ಷ ಹೋದರೆ ಓದು ಬಿಡಿಸಿ ಮದುವೆ ಮಾಡುವುದಾಗಿ ಮನೆಯಲ್ಲಿ ಹೇಳಿಬಿಟ್ಟಿದ್ದರು. ಟೀಚರ್ ದಿನಾ ಒಬ್ಬೊಬ್ಬ ಅಧಿಕಾರಿಯ ಕೋಣೆಯ ಹೊರಗೆ ಕಾದು ಕೂರುತ್ತಿದ್ದರು. ಕೊನೆಗೆ ಕಾಲೇಜಿನ ಆಡಳಿತ ಸಮಿತಿ ನಮ್ಮೆಲ್ಲರನ್ನು ಕರೆಯಿತು.

ನಾವು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದೆವು. ನಾನು ಹೇಳಬೇಕಾದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಉಪ್ಪು, ಮಣ್ಣು, ನೆರೆ, ಬೇರು, ಎಲ್ಲ. ಸಮಿತಿಯವರು ನಮ್ಮನ್ನು ಏನೂ ಕೇಳಲಿಲ್ಲ. ಅಧ್ಯಕ್ಷರು ಟೀಚರಿಗೆ ಹೇಳಿದ್ದಿಷ್ಟು: ಹುಡುಗಿಯರು ನಿಮ್ಮ ಮಾತು ನಂಬಿ ದಾರಿ ತಪ್ಪಿದರೆಂದಾದರೆ ವಿಶೇಷ ಪ್ರಕರಣವೆಂದು ಪರೀಕ್ಷೆಗೆ ಬಿಡಬಹುದು, ಅದು ಓದಿನ ಭಾಗವೆಂದು ನೀವು ವಾದಿಸಿದರೆ ನಿಯಮ ನಿಯಮವೇ, ಪರೀಕ್ಷೆಗೆ ಬಿಡಲಾಗದು. ಈಗ ಹೇಳಿ, ಅವರು ಅಲ್ಲಿ ಏನಾದರೂ ಕಲಿತರೇ?

ಟೀಚರ್ ಒಮ್ಮೆ ನಮ್ಮ ಕಡೆ ನೋಡಿದರು. ಆಮೇಲೆ, ಇಲ್ಲ, ಅವರು ಏನೂ ಕಲಿಯಲಿಲ್ಲ, ತಪ್ಪೆಲ್ಲ ನನ್ನದು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ಕಣ್ಣಾರೆ ಕಾಣದ ಒಂದು ಎಲೆಯ ಬಗ್ಗೆಯೂ ಮಾತಾಡದ ಹೆಂಗಸು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ತಿರುಗಿ, ಆ ಕೋಣೆಯಲ್ಲಿ ನನ್ನೊಬ್ಬಳಿಗೇ ಅರ್ಥವಾಗುವ ಭಾಷೆಯಲ್ಲಿ, “ನೀನು ಬಾಯಿ ಮುಚ್ಚಿ ನಿಲ್ಲು” ಎಂದರು.

ನಾವು ಪರೀಕ್ಷೆ ಬರೆದೆವು, ಪಾಸೂ ಆದೆವು. ದ್ವೀಪದಲ್ಲಿ ಕಂಡ ಒಂದು ವಿಷಯವನ್ನೂ ಯಾವ ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ. ಟೀಚರ್ ವಿದ್ಯಾರ್ಥಿಗಳನ್ನು ಗೇಟಿನಾಚೆ ಕರೆದೊಯ್ಯಬಾರದೆಂದು ಕಟ್ಟಪ್ಪಣೆಯಾಯಿತು. ಅವರು ಕುರ್ಚಿಯಲ್ಲಿ ಕೂತು ನೋಟ್ಸ್ ಬರೆಸತೊಡಗಿದರು. ಅದನ್ನು ಬರೆದುಕೊಳ್ಳುವಾಗ ಪೆನ್ನು ಮುರಿದುಹಾಕುವಷ್ಟು ರೋಷ ಬರುತ್ತಿತ್ತು. ಸಮಿತಿಯ ಮೇಲೆಯೂ, ಅವರ ಮೇಲೆಯೂ. ಕಾಲೇಜು ಬಿಡುವಾಗ ಅವರಿಗೊಂದು ನಮಸ್ಕಾರ ಹೇಳಿ ಬಂದೆ, ಅಷ್ಟೆ.

ಎಪ್ಪತ್ತರ ದಶಕದ ಕೊನೆಗೆ ನಾನು ಕೊಚ್ಚಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಟೀಚರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದು ತಿರುವನಂತಪುರಕ್ಕೆ ಹೋದೆ. ಕಾಸರಗೋಡಿನಿಂದ ಬಂದಿದ್ದ ಟೀಚರ ಅಕ್ಕ ಅವರನ್ನು ನೋಡಿಕೊಳ್ಳುತ್ತಿದ್ದರು. ಮಂಚದ ಮೇಲೆ ಟೀಚರ್ ಅಂಗೈಯಷ್ಟಾಗಿದ್ದರು. ಕ್ಷೇಮ ಕೇಳಲು ಹೋದವಳು ಜಗಳವನ್ನೇ ತೆಗೆದೆ. ಅವತ್ತು ಯಾಕೆ ಹಾಗೆ ಸುಳ್ಳು ಹೇಳಿದಿರಿ ಎಂದೆ.

“ಸುಳ್ಳು ಅಂತ ನನಗೆ ಹೇಗೆ ಗೊತ್ತಾಗಬೇಕು?” ಎಂದರು. “ನೀನು ಎಂತ ಕಲಿತೆ ಅಂತ ಒಂದು ದಿನ ನನ್ನ ಹತ್ರ ಹೇಳಿದ್ದುಂಟಾ? ಮುಖ ಊದಿಸಿಕೊಂಡೇ ಇದ್ದೆ. ಈಗ ಹೇಳು.”

ಹೇಳಿದೆ. ಸಮಿತಿಯ ಮುಂದೆ ಇಂಗ್ಲಿಷಿನಲ್ಲಿ ಹೇಳಲೆಂದು ಕಟ್ಟಿಕೊಂಡಿದ್ದನ್ನು ಕನ್ನಡದಲ್ಲಿ ಹೇಳಿದೆ. ಅದಕ್ಕಿಂತ ಹೆಚ್ಚನ್ನೂ ಹೇಳಿದೆ. ಸಮುದ್ರದ ಭರತ ಏರುವ ಮೊದಲು ಏಡಿಗಳು ತೆವರಿ ಬಿಟ್ಟು ಓಡುವುದು, ಒಂದೇ ದಿಬ್ಬದಲ್ಲಿ ತೆಂಕಣ ಮಗ್ಗುಲಿನ ಸಸಿ ಬಡಗಣದ್ದಕ್ಕಿಂತ ಮೊದಲು ಹಳದಿಯಾದದ್ದು, ಮಾತು ಬಿಟ್ಟ ಇಬ್ಬರು ಒಂದೇ ಬಿಂದಿಗೆ ಹೊರಬೇಕಾಗಿ ಬಂದಾಗ ಏನಾಗುತ್ತದೆಂಬುದು. ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಬಂತೇನೋ ಎಂದು ನಿಲ್ಲಿಸಿದರೆ “ಮತ್ತೆ?” ಎನ್ನುತ್ತಿದ್ದರು. ಏಡಿಯ ವಿಷಯವೊಂದನ್ನು ಒಪ್ಪಲಿಲ್ಲ. ಅದು ನೀನು ಇನ್ನೊಮ್ಮೆ ನೋಡಬೇಕು ಎಂದರು. ರೈಲಿನ ಹೊತ್ತಾಗಿ ಎದ್ದೆ. ಉಳಿದದ್ದನ್ನು ಮುಂದಿನ ಸಲ ಹೇಳುವುದೆಂದಾಯಿತು.

ಮುಂದಿನ ಸಲ ಬರಲಿಲ್ಲ. ಅವರು ಹೋದ ಸುದ್ದಿ ಬಂದಾಗ ನಾನು ತರಗತಿಯಲ್ಲಿ ನೋಟ್ಸ್ ಬರೆಸುತ್ತಿದ್ದೆ. ಆ ವಾರ ನಮ್ಮ ಪ್ರಿನ್ಸಿಪಾಲರ ಬಳಿ ಹೋಗಿ ಹುಡುಗಿಯರನ್ನು ಒಂದು ತಿಂಗಳು ದ್ವೀಪಕ್ಕೆ ಕರೆದುಕೊಂಡು ಹೋಗಲು ಅನುಮತಿ ಕೇಳಿದೆ. ಆಗದು ಎಂದರು. ಒಂದು ವಾರ ಎಂದೆ. ಅದೂ ಆಗದು. ಭಾನುವಾರಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಮೂವರು ಹುಡುಗಿಯರು ಜೆಟ್ಟಿಗೆ ಬಂದರು. ಒಂದು ಹಗಲಿನಲ್ಲಿ ಏನು ಕಾಣುತ್ತದೆ? ನೀರು ಏರಿತು, ಇಳಿಯಿತು, ಅಷ್ಟರಲ್ಲಿ ದೋಣಿ ಬಂತು. ಕೆಸರು ಮೆತ್ತಿದ ಕಾಲಿನಲ್ಲಿ ದಡದಲ್ಲೇ ನಿಂತಿದ್ದ ಒಬ್ಬಳು, ಟೀಚರ್, ಇಷ್ಟು ಬೇಗ ಯಾಕೆ ಹೋಗಬೇಕು ಎಂದು ಕೇಳಿದಳು. ಒಂದು ವಾರವನ್ನೂ ಕೊಡದವರ ಮೇಲೆ ಸಿಟ್ಟು ಉಕ್ಕಿ ಬಂತು. ಅದು ಅವಳ ಮೇಲಲ್ಲವೆಂದು ಅವಳಿಗೆ ಗೊತ್ತಾಗಲೆಂದು ನಾನೂ ಸ್ವಲ್ಪ ಹೊತ್ತು ಅವಳ ಪಕ್ಕದಲ್ಲೇ ನಿಂತೆ. ದೋಣಿಯವನು ಎರಡು ಸಲ ಕರೆದ.