ಮುಚ್ಚಿಯೇ ಕಟ್ಟಿದ ಬಾಗಿಲು

ಅಮೆರಿಕದ ಮಿಷಿಗನ್‌ನಲ್ಲಿ, ನಾರ್ತ್‌ವಿಲ್‌ನಿಂದ ಒಂದಿಷ್ಟು ಮೈಲಿ ಆಚೆ, ಹೊಸ ಮನೆಗಳ ಸಬ್‌ಡಿವಿಷನ್‌ಗಳು ಜೋಳದ ಹೊಲಗಳನ್ನು ನುಂಗುತ್ತಾ ಬಂದು ನಿಂತ ಕಡೆ, ಒಂದು ಕಲ್ಲಿನ ಚರ್ಚ್ ಇತ್ತು. ಅದರ ನೆಲಮಾಳಿಗೆಯಲ್ಲಿ ನಾನು ಶನಿವಾರ ಶನಿವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ವಿಜಯಪುರದ ಮುಸ್ಲಿಂ ಹೆಂಗಸು ಮೈಸೂರಿನವರ ಮಕ್ಕಳಿಗೆ ಕನ್ನಡ ಕಲಿಸುವುದು ಕೆಲವು ತಾಯಂದಿರಿಗೆ ಮೊದಮೊದಲು ಸೋಜಿಗವಾಗಿತ್ತು. ಬೋರ್ಡಿನ ಮೇಲೆ ನನ್ನ ಒತ್ತಕ್ಷರ ನೋಡಿದ ಮೇಲೆ ಸುಮ್ಮನಾದರು. ಮಕ್ಕಳು ಮಾತ್ರ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು.

ಚರ್ಚಿನ ಬಾಗಿಲು ತೆಗೆದುಕೊಡಲು ಒಬ್ಬ ಜರ್ಮನ್ ಮೂಲದ ವಯಸ್ಸಾದ ಹೆಂಗಸು ಬರುತ್ತಿದ್ದರು. ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡಿರುತ್ತಿದ್ದುದರಿಂದ ನಾವು ಅವರಿಗೆ ಬೀಗದಜ್ಜಿ ಅಂತ ಹೆಸರಿಟ್ಟಿದ್ದೆವು. ಅವರ ಸಭೆಯಲ್ಲಿ ಆಗ ಉಳಿದಿದ್ದವರು ಬೆರಳೆಣಿಕೆಯಷ್ಟು ಜನ. ಭಾನುವಾರದ ಪ್ರಾರ್ಥನೆಗಿಂತ ಶನಿವಾರದ ನಮ್ಮ ಗಲಾಟೆಯೇ ಕಟ್ಟಡಕ್ಕೆ ಜೀವ ಕೊಡುತ್ತದೆ ಅನ್ನುತ್ತಿದ್ದರು. ಹಾಗಂತ ಕುರ್ಚಿ ಎಳೆದರೆ ಬಿಡುತ್ತಿರಲಿಲ್ಲ, ಮೇಲಿನಿಂದ ಇಳಿದು ಬಂದು ಬೈಯುತ್ತಿದ್ದರು.

ಕ್ಲಾಸ್ ಮುಗಿದ ಮೇಲೆ ಅವರು ನನಗೆ ಚರ್ಚ್ ತೋರಿಸುತ್ತಿದ್ದರು. ಜರ್ಮನಿಯ ಉತ್ತರದಲ್ಲಿ ಅವರ ಮುತ್ತಜ್ಜನ ಹಳ್ಳಿ. ಅಲ್ಲಿ ಏಳೆಂಟು ನೂರು ವರ್ಷದಷ್ಟು ಹಳೆಯ ಚರ್ಚ್ ಇದೆಯಂತೆ. ಹಿಮಯುಗದಲ್ಲಿ ಜಾರುವ ಹಿಮರಾಶಿ ತಳ್ಳಿಕೊಂಡು ಬಂದ ಗುಂಡುಕಲ್ಲುಗಳು ಅಲ್ಲಿನ ಹೊಲದ ತುಂಬ. ಉಳುವವರು ಅವನ್ನೇ ಆರಿಸಿ, ಒಂದು ಮುಖ ಒಡೆದು ಸಪಾಟು ಮಾಡಿ, ಸುಣ್ಣದ ಗಾರೆಯಲ್ಲಿ ಸಾಲುಸಾಲಾಗಿ ಕೂರಿಸಿದರು. ಮುತ್ತಜ್ಜ ಮತ್ತು ಜೊತೆಯವರು ಮಿಷಿಗನ್‌ಗೆ ಬಂದರೆ ಇಲ್ಲಿನ ಹೊಲದಲ್ಲೂ ಅದೇ ಗುಂಡುಕಲ್ಲು! ಮತ್ತೇನು ಬೇಕು, ಊರಿನ ಚರ್ಚನ್ನೇ ಮತ್ತೆ ಕಟ್ಟಿದರು. ನಕ್ಷೆ ಇರಲಿಲ್ಲ, ನೆನಪಿನಿಂದಲೇ ಕಟ್ಟಿದ್ದು. ಪಡುವಣಕ್ಕೆ ಕಟ್ಟಡದಷ್ಟೇ ಅಗಲದ ಮೋಟು ಗೋಪುರ. ಅದರ ಮೂಡಣಕ್ಕೆ ಜನ ಕೂರುವ ಭಾಗ, ಆಮೇಲೆ ಅದಕ್ಕಿಂತ ಚಿಕ್ಕದಾದ ಪಾದ್ರಿಯ ಭಾಗ, ಕೊನೆಗೆ ಇನ್ನೂ ಚಿಕ್ಕದಾದ ಅರ್ಧ ದುಂಡನೆಯ ತುದಿ. ಒಂದರೊಳಗೊಂದು ಕೂರುವ ಡಬ್ಬಿಗಳನ್ನು ತೆಗೆದು ಸಾಲಾಗಿ ಇಟ್ಟ ಹಾಗೆ ಕಾಣುತ್ತಿತ್ತು.

ಗೋಪುರದಲ್ಲಿ ಕಿಟಕಿಗಳಿರಲಿಲ್ಲ, ಕೈ ತೂರುವಷ್ಟು ಸಂದುಗಳಿದ್ದವು. ಹಳ್ಳಿಯ ಮೇಲೆ ಕೊಳ್ಳೆಗಾರರು ಬಿದ್ದಾಗ ಜನ ದವಸ ಸಮೇತ ಗೋಪುರ ಹತ್ತಿ ಕೂರುತ್ತಿದ್ದರಂತೆ, ಸಂದಿನಿಂದ ಹೊರಗೆ ನೋಡುತ್ತಿದ್ದರಂತೆ. "ಮಿಷಿಗನ್‌ನಲ್ಲಿ ಯಾರು ಬರ್ತಾರೆ ಅಂತ ಈ ಸಂದು?" ಅಂತ ಕೇಳಿದೆ. "ಅಲ್ಲಿತ್ತಲ್ಲ," ಅಂದರು.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಬಡಗಣ ಗೋಡೆಯ ಬಾಗಿಲು. ಚೂಪು ಕಮಾನಿನ ಚೆಂದದ ಬಾಗಿಲು, ಆದರೆ ಪೂರ್ತಿ ಇಟ್ಟಿಗೆ ಕಟ್ಟಿ ಮುಚ್ಚಿದ್ದು. ಮೂಲ ಚರ್ಚಿನಲ್ಲಿ ಆ ಬಾಗಿಲನ್ನು ಯಾವ ಕಾಲದಲ್ಲೋ ಯಾಕೋ ಮುಚ್ಚಿದ್ದರಂತೆ. ಇವರ ಮುತ್ತಜ್ಜ ಹುಟ್ಟುವಾಗಲೇ ಅದು ಮುಚ್ಚಿತ್ತು. ಹಾಗಾಗಿ ಇಲ್ಲಿ ಕಮಾನು ಕಟ್ಟಿದರು, ಗಾರೆ ಒಣಗುವ ಮೊದಲೇ ಇಟ್ಟಿಗೆ ತುಂಬಿದರು. ಒಬ್ಬರೂ ಒಂದು ದಿನವೂ ಅದರೊಳಗೆ ಹಾದುಹೋಗಲಿಲ್ಲ. ಮನೆಗೆ ಬಂದು ಗಂಡನಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ನಗುವಷ್ಟು ಸುಖವಾಗಿದ್ದೆವು ಆಗ.

ಚರ್ಚಿನ ಸುತ್ತ, ಮೊಳಕಾಲೆತ್ತರದ ಕಲ್ಲುಗೋಡೆಯೊಳಗೆ ಸಮಾಧಿಗಳಿದ್ದವು. ಅದೂ ಊರಿನ ಪದ್ಧತಿಯೇ, ಸತ್ತವರು ಚರ್ಚಿನ ಮಡಿಲಲ್ಲಿ ಇರಬೇಕು. ಹಸು ಸಾಕಿ ಹಾಲು ಮಾರಿ ಬದುಕಿದ ಮುತ್ತಜ್ಜ, ಅಜ್ಜ, ಬೀಗದಜ್ಜಿಯ ಗಂಡ, ಎಲ್ಲರೂ ಅಲ್ಲೇ. ಗಂಡನ ಪಕ್ಕ ಇವರಿಗೂ ಜಾಗವಿತ್ತು. ನಾನು ಗೋಳಗುಮ್ಮಟದ ಊರಿನವಳು. ಗೋರಿ ಕಟ್ಟೆಯ ಮೇಲೆ ಕೂತು ಪರೀಕ್ಷೆಗೆ ಓದಿದವಳು. ನನಗೆ ಅಲ್ಲಿ ಮನೆಯಂತೆಯೇ ಅನ್ನಿಸುತ್ತಿತ್ತು.

ಒಂದು ಚಳಿಗಾಲ ಬೀಗದಜ್ಜಿ ನನ್ನ ಕೈ ಹಿಡಿದು ಹೇಳಿದರು, ಚರ್ಚ್ ನಡೆಸಲು ಇನ್ನು ಆಗುವುದಿಲ್ಲ, ನಿಮ್ಮವರು ತಗೊಳ್ಳಿ. ನೀವು ಯಾವ ದೇವರನ್ನಾದರೂ ಇಟ್ಟುಕೊಳ್ಳಿ, ಕಟ್ಟಡ ಬೀಳಬಾರದು, ನಾನು ಹೋದಾಗ ಗಂಟೆ ಬಾರಿಸಬೇಕು. ಅವರು ಯಾರ ಹತ್ತಿರವೂ ಏನನ್ನೂ ಕೇಳಿದ್ದನ್ನು ನಾನು ನೋಡಿರಲಿಲ್ಲ.

ನಮ್ಮ ಕನ್ನಡ ಕೂಟದವರಿಗೂ ಜಾಗ ಬೇಕಿತ್ತು. ಮೇಲೆ ದೇವಸ್ಥಾನ, ಕೆಳಗೆ ಕನ್ನಡ ಕ್ಲಾಸ್ ಮತ್ತು ಅಡುಗೆಮನೆ ಅಂತ ಎಲ್ಲರ ಕನಸು. ನೆಲಮಾಳಿಗೆಯಲ್ಲೇ ಸಭೆ ಸೇರಿತು. ಅಧ್ಯಕ್ಷರು ಮೈಸೂರಿನ ಡಾಕ್ಟರ್ ಅಂಕಲ್, ಒಳ್ಳೆಯ ಮನುಷ್ಯ. ಗೋಪುರ, ಪಾರ್ಕಿಂಗ್, ಕಟ್ಟಡ ಬೆಚ್ಚಗಿಡುವ ಫರ್ನೇಸ್ ಎಲ್ಲ ಮೆಚ್ಚಿದರು. ಕೊನೆಗೆ ಕಿಟಕಿಯಾಚೆ ನೋಡಿ ತಲೆ ಅಲ್ಲಾಡಿಸಿದರು.

"ಸ್ಮಶಾನದೊಳಗೆ ದೇವಸ್ಥಾನ ಮಾಡಕ್ಕಾಗತ್ತಾ ಹೇಳಿ? ಪ್ರತಿಷ್ಠೆಗೆ ಯಾವ ಪುರೋಹಿತರು ಒಪ್ತಾರೆ?"

ನನಗೆ ತಡೆಯಲಾಗಲಿಲ್ಲ. "ಅಲ್ರೀ ಅಂಕಲ್, ಗದ್ದುಗಿಗೆ ಕೈ ಮುಗೀತೀರಿ, ಬೃಂದಾವನಕ್ಕ ಪ್ರದಕ್ಷಿಣಿ ಹಾಕ್ತೀರಿ. ಅದರ ಕೆಳಗ ಯಾರಿದ್ದಾರ್ರೀ?"

"ಅವರು ಸ್ವಾಮಿಗಳು ಕಣಮ್ಮ. ಇವರು ಹಾಲು ಮಾರ್ತಿದ್ದೋರು." ಮೆತ್ತಗೇ ಹೇಳಿದರು. "ನಿಮ್ಮಲ್ಲಿ ನಡಿಯತ್ತೆ, ನಮ್ಮಲ್ಲಿ ಆಗಲ್ಲ."

ನಿಮ್ಮಲ್ಲಿ ಅಂದದ್ದು ಚುರುಕ್ ಅಂದಿತು, ಸುಳ್ಳೇಕೆ ಹೇಳಲಿ. ಆಮೇಲೆ ಯಾರೋ ಒಂದು ದಾರಿ ಹುಡುಕಿದರು. ಸಮಾಧಿಗಳನ್ನು ಮರ್ಯಾದೆಯಿಂದ ಬೇರೆ ಕಡೆ ಸಾಗಿಸೋಣ, ಖರ್ಚು ನಮ್ಮದು, ಅವರ ಪಾದ್ರಿಯೇ ಬಂದು ಪ್ರಾರ್ಥನೆ ಮಾಡಲಿ. ಅದು ಕೆಟ್ಟ ಮನಸ್ಸಿನ ಮಾತಲ್ಲ. ಡಾಕ್ಟರ್ ಅಂಕಲ್ ಮೇಲೆ ಹೋಗಿ ಬೀಗದಜ್ಜಿಗೆ ಹೇಳಿದರು, ಫೋನಿನ ಮ್ಯಾಪಿನಲ್ಲಿ ಜಾಗವನ್ನೂ ಬೆರಳಿಟ್ಟು ತೋರಿಸಿದರು. ಅಜ್ಜಿ ಆ ಫೋನಿನತ್ತ ಕಣ್ಣು ಹಾಯಿಸಲಿಲ್ಲ.

"ಜರ್ಮನಿಯ ಊರಲ್ಲಿ ನಮ್ಮವರು ಚರ್ಚಿನ ಗೋಡೆಗೆ ಒರಗಿಕೊಂಡು ಮಲಗಿದ್ದಾರೆ," ಅಂದರು. "ಇಲ್ಲಿ ನಾನು ಇವರನ್ನು ಎಬ್ಬಿಸಿದರೆ ಅವರಿಗೆ ಏನಂತ ಹೇಳಲಿ?"

ಅಲ್ಲಿಗೆ ಮಾತು ಮುಗಿಯಿತು. ಕೊನೆಗೆ ಚರ್ಚ್ ಕೊಂಡವರು ಬಾಡಿಗೆಗೆ ಸಾಮಾನಿಡುವ ಸ್ಟೋರೇಜ್ ಕಟ್ಟುವವರು. ಕಾನೂನಿನ ಪ್ರಕಾರ ಸಮಾಧಿಗಳನ್ನು ಮುಟ್ಟಲಿಲ್ಲ, ಬೇಲಿ ಹಾಕಿದರು. ಚರ್ಚನ್ನು ಒಂದೇ ವಾರದಲ್ಲಿ ಕೆಡವಿದರು. ನಾನು ಕಾರು ನಿಲ್ಲಿಸಿ ನೋಡಿದೆ. ಕಲ್ಲಿನ ಗೋಡೆಗಳೆಲ್ಲ ಉರುಳಿದ ಮೇಲೂ ಇಟ್ಟಿಗೆ ತುಂಬಿದ ಆ ಬಾಗಿಲು ಸ್ವಲ್ಪ ಹೊತ್ತು ನಿಂತೇ ಇತ್ತು. ಈಗ ನಮ್ಮ ಕನ್ನಡ ಕ್ಲಾಸ್ ಒಂದು ಆಫೀಸ್ ಕಟ್ಟಡದಲ್ಲಿ ನಡೆಯುತ್ತದೆ. ಕುರ್ಚಿ ಎಳೆದರೆ ಬೈಯುವವರು ಯಾರೂ ಇಲ್ಲ.

ಮರುವರ್ಷ ವಿಜಯಪುರಕ್ಕೆ ಹೋಗುವಾಗ ಹಟ ಹಿಡಿದು ಗಂಡನೊಂದಿಗೆ ದಾರಿಯಲ್ಲಿ ಜರ್ಮನಿಯಲ್ಲಿ ಇಳಿದೆ. ಬರ್ಲಿನ್‌ನಿಂದ ಚಿಕ್ಕ ರೈಲು, ಆಮೇಲೆ ಟ್ಯಾಕ್ಸಿ. ಬೀಗದಜ್ಜಿಯ ಮುತ್ತಜ್ಜನ ಹಳ್ಳಿಯ ಚರ್ಚ್ ದೂರದಿಂದಲೇ ಗುರುತು ಸಿಕ್ಕಿತು. ಅದೇ ಮೋಟು ಗೋಪುರ, ಅದೇ ಡಬ್ಬಿಗಳು. ಕೆಡವಿದ್ದು ಎದ್ದು ಕೂತ ಹಾಗೆ ಅನ್ನಿಸಿ ಕಣ್ಣು ತುಂಬಿತು. ಬಡಗಣ ಗೋಡೆಗೆ ಹೋದೆ. ಬಾಗಿಲು ತೆರೆದಿತ್ತು. ಇಟ್ಟಿಗೆ ತೆಗೆದು, ಗಾಜಿನ ಕದ ಹಾಕಿ, ವೀಲ್‌ಚೇರಿಗೆ ಇಳಿಜಾರು ಮಾಡಿದ್ದರು.

ಸುತ್ತ ನೋಡಿದರೆ ಬರೀ ಹುಲ್ಲು. ಸಮಾಧಿಗಳೇ ಇಲ್ಲ. ಬೀಗ ತೆಗೆಯಲು ಬಂದಿದ್ದ ಹೆಂಗಸು ಇಂಗ್ಲಿಷಿನಲ್ಲಿ ವಿವರಿಸಿದರು. ಅಲ್ಲಿ ಸಮಾಧಿಯ ಜಾಗ ಬಾಡಿಗೆಯ ಹಾಗೆ, ಇಷ್ಟು ವರ್ಷ ಅಂತ. ಮುಗಿದ ಮೇಲೆ ಕಲ್ಲು ತೆಗೆದು ಬೇರೆಯವರಿಗೆ ಕೊಡುತ್ತಾರೆ. ಈಗ ಹೊಸ ಸ್ಮಶಾನ ಊರಾಚೆ ಇದೆ. ಹಳೆಯ ಕಲ್ಲು ನಾಲ್ಕೈದು ಮಾತ್ರ ಗೋಡೆಗೆ ಒರಗಿಸಿಟ್ಟಿದ್ದರು. ಯಾವುದರಲ್ಲೂ ಬೀಗದಜ್ಜಿಯ ಮನೆತನದ ಹೆಸರಿರಲಿಲ್ಲ. ನನಗೆ ಆ ಊರಿನ ಮೇಲೆ, ನಮ್ಮ ಕೂಟದ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಯಾರಾದರೂ ಒಬ್ಬರು ಮೊದಲೇ ಬಂದು ನೋಡಬಾರದಿತ್ತೇ?

ವಾಪಸ್ ಬಂದ ಮೇಲೆ, ಬೀಗದಜ್ಜಿ ಈಗ ಇದ್ದ ವೃದ್ಧರ ನರ್ಸಿಂಗ್ ಹೋಮಿಗೆ ಹೋದೆ. ಬೀಗದಜ್ಜಿಯ ಸೊಂಟದಲ್ಲಿ ಕೀಲಿಕೈ ಇರಲಿಲ್ಲ, ತೆರೆಯಲು ಬಾಗಿಲೂ ಇರಲಿಲ್ಲ. ಅವರೇ ಫೋಟೋ ಕೇಳಿದರು. ಫೋನ್ ಕೈಗೆ ಕೊಟ್ಟೆ. ತೆರೆದ ಬಾಗಿಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹುಲ್ಲನ್ನು ನೋಡಿದರು.

"ನಮ್ಮವರು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅಳಲಿಲ್ಲ. ಫೋನನ್ನು ಹೊದಿಕೆಯ ಮೇಲೆ ಮಗುಚಿ ಇಟ್ಟರು.

"ಅವತ್ತು ನಿಮ್ಮ ಡಾಕ್ಟರು ಒಂದು ಜಾಗ ತೋರಿಸಿದರಲ್ಲ, ನಾನು ನೋಡಲೇ ಇಲ್ಲ," ಅಂದರು. "ಹೇಗಿತ್ತು ಅದು? ಮರಗಳಿದ್ದವಾ?"

"ಗೊತ್ತಿಲ್ಲ," ಅಂದೆ. "ನಮ್ಮಲ್ಲೂ ಯಾರೂ ಹೋಗಿ ನೋಡಿರಲಿಲ್ಲ."